ಶಾಲಾ ಪ್ರವೇಶಾಧಿಕಾರಿ ಹುದ್ದೆಯ ಸಂದರ್ಶನ: ಹುಬ್ಬಳ್ಳಿ-ಧಾರವಾಡದಲ್ಲಿ ತಯಾರಿ ಹೇಗಿರಬೇಕು?

ಉಣಕಲ್ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಬಿ.ಕಾಂ. ಮುಗಿಸಿ, ಕೆಲವು ವರ್ಷಗಳಿಂದ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನವನಗರದ ಕಡೆಯ ಒಂದು ಸಿಬಿಎಸ್‌ಇ ಶಾಲೆಯವರು ಅಡ್ಮಿಶನ್ ಆಫೀಸರ್ ಹುದ್ದೆಗೆ ನನ್ನನ್ನು ಮುಂದಿನ ವಾರ ಸಂದರ್ಶನಕ್ಕೆ ಕರೆದಿದ್ದಾರೆ. ಪ್ರಾಂಶುಪಾಲರು, ಆಡಳಿತಾಧಿಕಾರಿಗಳು ಮತ್ತು ಆಡಳಿತ ಮಂಡಳಿಯ ಒಬ್ಬ ಸದಸ್ಯರು ಕುಳಿತಿರುತ್ತಾರೆಂದು ತಿಳಿಸಿದ್ದಾರೆ. ಶಾಲೆಯಲ್ಲಿ ಕೆಲಸ ಮಾಡಿದ ಅನುಭವ ನನಗಿಲ್ಲ. ಅಂತರ್ಜಾಲದಲ್ಲಿ ಸಿಗುವ ಮಾದರಿ ಪ್ರಶ್ನೋತ್ತರಗಳು ಯಾವ ಊರಿಗೂ ಯಾವ ನೌಕರಿಗೂ ಹೊಂದುವಂತಿವೆ. ಅವನ್ನು ಓದಿದರೆ ನಮ್ಮ ಭಾಗದ ಶಾಲೆಯೊಂದರಲ್ಲಿ ಈ ಹುದ್ದೆಯವರು ನಿಜವಾಗಿ ಏನು ಮಾಡುತ್ತಾರೆ ಎಂಬುದೇ ತಿಳಿಯುವುದಿಲ್ಲ. ಒಳಗಿನಿಂದ ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಮುಖ್ಯಾಧ್ಯಾಪಕ, ಗದಗ

ತಂಗಿ, ನಿಮಗೆ ಅನುಭವ ಇಲ್ಲವೆಂಬ ಮಾತನ್ನು ಸಂದರ್ಶನದಲ್ಲಿ ಹೇಳಬೇಡಿರಿ, ಏಕೆಂದರೆ ಅದು ನಿಜವಲ್ಲ. ಆತಂಕದಲ್ಲಿರುವ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು, ಅವನ ಹೆಸರು, ವಯಸ್ಸು, ವಿಳಾಸಗಳನ್ನು ತಪ್ಪಿಲ್ಲದೆ ಬರೆದುಕೊಂಡು, ಹಣದ ವಿಷಯವನ್ನು ನೋಯಿಸದಂತೆ ತಿಳಿಸುವುದು ನೀವು ದಿನವೂ ಮಾಡುತ್ತಿರುವ ಕೆಲಸ. ಶಾಲೆಯ ಪ್ರವೇಶ ಕೊಠಡಿಯಲ್ಲಿಯೂ ಇದೇ ಕೆಲಸ ನಡೆಯುತ್ತದೆ. ಒಂದೇ ವ್ಯತ್ಯಾಸವೆಂದರೆ, ಅಲ್ಲಿ ನೀವು ಬರೆಯುವ ಸಾಲು ಆ ಮಗುವಿನ ಬೆನ್ನಿಗೆ ಜೀವಮಾನವಿಡೀ ಇರುತ್ತದೆ.

ಆದ್ದರಿಂದ ನಿಮ್ಮ ತಯಾರಿ ದಾಖಲಾತಿ ವಹಿಯಿಂದಲೇ ಆರಂಭವಾಗಲಿ. ಮುಂದೆ ಮಗು ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವಾಗ, ಸಿಇಟಿಗೆ ಅರ್ಜಿ ಹಾಕುವಾಗ, ನೌಕರಿಗೆ ಸೇರುವಾಗ ಅಧಿಕಾರಿಗಳು ತಿರುಗಿ ನೋಡುವುದು ಈ ವಹಿಯ ನಮೂದುಗಳನ್ನೇ. ಸಿಇಟಿಯಲ್ಲಿ ಕರ್ನಾಟಕದ ಅಭ್ಯರ್ಥಿಯೆಂದು ಅರ್ಹತೆ ಪಡೆಯಲು ರಾಜ್ಯದಲ್ಲಿ ಕನಿಷ್ಠ 7 ವರ್ಷ ಓದಿರಬೇಕೆಂಬ ನಿಯಮದಡಿ ಸಾವಿರಾರು ಮಕ್ಕಳು ಅರ್ಜಿ ಹಾಕುತ್ತಾರೆ. ಅವರಿಗೆಲ್ಲ ವ್ಯಾಸಂಗ ಪ್ರಮಾಣಪತ್ರ ಬರೆದುಕೊಡುವುದು ಹಳೆಯ ಶಾಲೆಗಳೇ. ಕನ್ನಡ ಮಾಧ್ಯಮದ ಮೀಸಲಾತಿ ಕೇಳುವವರೂ ಇದೇ ಬಾಗಿಲಿಗೆ ಬರುತ್ತಾರೆ. ಪ್ರವೇಶ ಮುಗಿದ ಮೇಲೆ ಈ ಹುದ್ದೆಗೆ ಕೆಲಸವೇನು ಎಂದು ಸಂದರ್ಶಕರು ಕೇಳಿದರೆ ಈ ಉತ್ತರ ನಿಮ್ಮ ಬಳಿ ಇರಲಿ.

ಹೆಸರಿನ ವಿಷಯವನ್ನು ವಿಶೇಷವಾಗಿ ಗಮನಿಸಿರಿ. ನಮ್ಮ ಭಾಗದಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗಗಳ ರೂಢಿಯಿದೆ. ಜನನ ಪ್ರಮಾಣಪತ್ರದಲ್ಲಿ ಅಡ್ಡಹೆಸರು ಇರುವುದಿಲ್ಲ, ಆಧಾರಿನಲ್ಲಿ ಅದು ಮೊದಲಿಗೆ ಬಂದಿರುತ್ತದೆ, ಹಿಂದಿನ ಶಾಲೆಯ ವರ್ಗಾವಣೆ ಪತ್ರದಲ್ಲಿ, ಅಂದರೆ ಎಲ್‌ಸಿಯಲ್ಲಿ ತಂದೆಯ ಹೆಸರಿನ ಬದಲು ಒಂದೇ ಅಕ್ಷರವಿರುತ್ತದೆ. ಈಗ ವಿದ್ಯಾರ್ಥಿಗಳ ವಿವರ ದಾಖಲಿಸುವ ರಾಜ್ಯದ ಸ್ಯಾಟ್ಸ್ ತಂತ್ರಾಂಶ, ಕೇಂದ್ರದ ಯುಡೈಸ್ ಪ್ಲಸ್, ಪ್ರತಿ ವಿದ್ಯಾರ್ಥಿಗೆ ಕೊಡುವ ಅಪಾರ್ ಗುರುತಿನ ಸಂಖ್ಯೆ ಇವೆಲ್ಲವೂ ಒಂದಕ್ಕೊಂದು ಹೊಂದಬೇಕಾಗಿರುವುದರಿಂದ, ಒಂದು ಅಕ್ಷರ ಭಿನ್ನವಾದರೂ ಪಾಲಕರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಮೂರು ದಾಖಲೆಗಳಲ್ಲಿ ಮೂರು ಬಗೆಯ ಹೆಸರಿದ್ದರೆ ಏನು ಮಾಡುತ್ತೀರಿ ಎಂದು ಆಡಳಿತಾಧಿಕಾರಿ ಕೇಳುವ ಸಾಧ್ಯತೆ ಬಹಳವಿದೆ. ಜನನ ಪ್ರಮಾಣಪತ್ರವನ್ನು ಆಧಾರವಾಗಿಟ್ಟುಕೊಂಡು, ವ್ಯತ್ಯಾಸವನ್ನು ಪಾಲಕರಿಗೆ ಅಂದೇ ತೋರಿಸಿ, ಯಾವುದನ್ನು ಎಲ್ಲಿ ತಿದ್ದಿಸಬೇಕೆಂದು ಬರೆದುಕೊಟ್ಟು, ಅರ್ಜಿಯ ಮೇಲೆ ಅವರ ಸಹಿ ಪಡೆಯುತ್ತೇನೆ ಎಂದು ಹೇಳಿರಿ. ನನ್ನ ಅಂದಾಜಿನಿಂದ ಸರಿಪಡಿಸಿ ಬರೆಯುತ್ತೇನೆ ಎಂದು ಮಾತ್ರ ಹೇಳಬೇಡಿರಿ.

ಹುಟ್ಟಿದ ದಿನಾಂಕವೂ ಹಾಗೆಯೇ. ನಮ್ಮ ಹಿರಿಯರಲ್ಲಿ ಅನೇಕರ ಜನ್ಮದಿನ ದಾಖಲೆಯಲ್ಲಿ ಜೂನ್ 1 ಎಂದೇ ಇದೆ. ಶಾಲೆಗೆ ಸೇರಿಸುವ ವಯಸ್ಸು ಕೂಡಲೆಂದು ಮಾಸ್ತರರು ಬರೆದುಕೊಂಡ ತಾರೀಖು ಅದು. ಆ ಕಾಲ ಮುಗಿದಿದೆ. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶಕ್ಕೂ ಜನನ ಪ್ರಮಾಣಪತ್ರವೇ ಜನ್ಮ ದಿನಾಂಕದ ಪುರಾವೆ. ಆ ಮಕ್ಕಳು ಎಲ್‌ಕೆಜಿಗೆ ಬರುವ ವರ್ಷ ದೂರವಿಲ್ಲ.

ಪ್ರವೇಶ ವಿಭಾಗದ ಉದ್ಯೋಗಿ, ಹುಬ್ಬಳ್ಳಿ

ಗುರುಗಳು ಹೇಳಿದ್ದು ಅಕ್ಷರಶಃ ಸತ್ಯ. ಆದರೆ ಇವರು ಹೋಗುತ್ತಿರುವುದು ಅನುದಾನರಹಿತ ಖಾಸಗಿ ಶಾಲೆಗೆ. ಅಲ್ಲಿ ಆಡಳಿತ ಮಂಡಳಿಯ ಸದಸ್ಯರ ಮೊದಲ ಪ್ರಶ್ನೆ ವಹಿಯ ಬಗ್ಗೆ ಇರುವುದಿಲ್ಲ. ಕಳೆದ ವರ್ಷ ಎಲ್‌ಕೆಜಿಯಲ್ಲಿ ಸೀಟುಗಳು ಉಳಿದಿವೆ, ಈ ವರ್ಷ ಹೇಗೆ ತುಂಬಿಸುತ್ತೀರಿ ಎಂದಿರುತ್ತದೆ. ಈ ಪ್ರಶ್ನೆಗೆ ಜಾಹೀರಾತು ಹಾಕುತ್ತೇವೆ, ಕರಪತ್ರ ಹಂಚುತ್ತೇವೆ ಎಂದು ಎಲ್ಲ ಅಭ್ಯರ್ಥಿಗಳೂ ಹೇಳುತ್ತಾರೆ.

ನೀವು ಹೀಗೆ ಆರಂಭಿಸಿರಿ. ವಿಚಾರಿಸಲು ಫೋನ್ ಮಾಡಿದವರು ಎಷ್ಟು ಜನ, ಅವರಲ್ಲಿ ಶಾಲೆ ನೋಡಲು ಬಂದವರು ಎಷ್ಟು, ಅರ್ಜಿ ಒಯ್ದವರು ಎಷ್ಟು, ಶುಲ್ಕ ಕಟ್ಟಿದವರು ಎಷ್ಟು ಎಂಬ ಲೆಕ್ಕ ಶಾಲೆಯಲ್ಲಿ ಇದೆಯೇ ಎಂದು ವಿನಯದಿಂದ ಕೇಳಿರಿ. ಜನ ಯಾವ ಹಂತದಲ್ಲಿ ಹಿಂದೆ ಸರಿಯುತ್ತಿದ್ದಾರೆಂದು ತಿಳಿಯದೆ ಉಪಾಯ ಹೇಳಲಾಗದು. ನೋಡಲು ಬಂದವರು ಅರ್ಜಿ ಒಯ್ಯದಿದ್ದರೆ ತೊಂದರೆ ಶಾಲೆಯ ಒಳಗಿರಬಹುದು. ಅರ್ಜಿ ಒಯ್ದವರು ಶುಲ್ಕ ಕಟ್ಟದಿದ್ದರೆ ತೊಂದರೆ ಶುಲ್ಕದಲ್ಲಿಯೋ ಬಸ್ಸಿನ ಮಾರ್ಗದಲ್ಲಿಯೋ ಇರಬಹುದು.

ಎರಡನೆಯದಾಗಿ, ನವನಗರಕ್ಕೆ ಮಕ್ಕಳು ಎಲ್ಲಿಂದ ಬರುತ್ತಾರೆಂದು ಸ್ವತಃ ಯೋಚಿಸಿಕೊಂಡು ಹೋಗಿರಿ. ಅವಳಿ ನಗರಗಳ ನಡುವೆ ಇರುವುದರಿಂದ ಎರಡೂ ಕಡೆಯ ಪಾಲಕರು ಬರುತ್ತಾರೆ. ನೈಋತ್ಯ ರೈಲ್ವೆಯ ಪ್ರಧಾನ ಕಚೇರಿ ಹುಬ್ಬಳ್ಳಿಯಲ್ಲಿದೆ. ಹೈಕೋರ್ಟ್ ಪೀಠ, ಐಐಟಿ, ವಿಶ್ವವಿದ್ಯಾಲಯಗಳು ಧಾರವಾಡದ ಕಡೆ ಇವೆ. ಈ ನೌಕರರಲ್ಲಿ ಅನೇಕರಿಗೆ ವರ್ಗಾವಣೆ ಆಗುತ್ತಿರುತ್ತದೆ, ಅವರ ಮಕ್ಕಳು ವರ್ಷದ ಯಾವ ತಿಂಗಳಲ್ಲಾದರೂ ಬರಬಹುದು, ಸಿಬಿಎಸ್‌ಇ ಪಠ್ಯಕ್ರಮವನ್ನು ಅವರು ಬಯಸುವುದೂ ಅದಕ್ಕಾಗಿಯೇ. ಅಮರಗೋಳದ ಎಪಿಎಂಸಿ ವ್ಯಾಪಾರಸ್ಥರ ಮನೆಗಳ ಲೆಕ್ಕ ಬೇರೆ. ಕುಂದಗೋಳ, ನವಲಗುಂದ ಕಡೆಯ ರೈತ ಕುಟುಂಬಗಳದು ಇನ್ನೂ ಬೇರೆ: ಹತ್ತಿಯೋ ಮೆಣಸಿನಕಾಯಿಯೋ ಮಾರಾಟವಾದ ಮೇಲೆ ಅವರ ಕೈಗೆ ಹಣ ಬರುತ್ತದೆ. ಜೂನ್ ತಿಂಗಳಲ್ಲಿ, ಬಿತ್ತನೆಗೆ ಬೀಜ ಗೊಬ್ಬರ ಕೊಳ್ಳುವ ಹೊತ್ತಿಗೆ, ಶುಲ್ಕದ ದೊಡ್ಡ ಕಂತು ಕೇಳಿದರೆ ಒಳ್ಳೆಯ ಕುಟುಂಬಗಳನ್ನು ನಾವೇ ಕಳೆದುಕೊಳ್ಳುತ್ತೇವೆ. ಕಂತುಗಳ ತಾರೀಖು ನಿಗದಿ ಮಾಡುವ ಅಧಿಕಾರ ನಿಮಗೆ ಇರುವುದಿಲ್ಲ, ಆದರೆ ಇದನ್ನು ಯೋಚಿಸಿದ ಅಭ್ಯರ್ಥಿಯನ್ನು ಮಂಡಳಿಯವರು ಮರೆಯುವುದಿಲ್ಲ.

ಒಂದನೆಯ ತರಗತಿಯ ವಯಸ್ಸಿನ ನಿಯಮವನ್ನು ಬಾಯಿಪಾಠ ಮಾಡಿಕೊಳ್ಳಿರಿ. ಕೌಂಟರಿನಲ್ಲಿ ಅತಿ ಹೆಚ್ಚು ವಾದ ನಡೆಯುವುದು ಇದರ ಮೇಲೆಯೇ. ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶ ಮಾಡಿತು. ಅದಾಗಲೇ ಎಲ್‌ಕೆಜಿ, ಯುಕೆಜಿ ಸೇರಿದ್ದ ಮಕ್ಕಳ ಪಾಲಕರು ಒತ್ತಾಯಿಸಿದ ಮೇಲೆ, 2025-26ನೆಯ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಒಂದು ವರ್ಷ ಕೊಟ್ಟಿದ್ದನ್ನು ಈಗೇಕೆ ಕೊಡುವುದಿಲ್ಲ ಎಂದು ಮೇಜಿನ ಎದುರು ಕುಳಿತು ಕೇಳುವ ತಂದೆಗೆ ನೀವು ಏನು ಹೇಳುತ್ತೀರಿ ಎಂಬುದನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿರಿ. ಕೆಲವು ಶಾಲೆಗಳಲ್ಲಿ ಪ್ರಾಂಶುಪಾಲರೇ ಪಾಲಕರಂತೆ ಮಾತನಾಡಿ ಅಭ್ಯರ್ಥಿಯ ತಾಳ್ಮೆಯನ್ನು ನೋಡುತ್ತಾರೆ.

ನಿವೃತ್ತ ಮುಖ್ಯಾಧ್ಯಾಪಕ, ಗದಗ

ಹುಬ್ಬಳ್ಳಿಯ ಮಿತ್ರರ ಮಾತಿನಲ್ಲಿ ತೂಕವಿದೆ, ರೈತರ ಕಂತಿನ ವಿಚಾರವಂತೂ ನನಗೆ ಬಹಳ ಹಿಡಿಸಿತು. ಆದರೂ ಸೀಟು ತುಂಬಿಸುವುದೇ ಈ ಹುದ್ದೆಯ ಗುರಿ ಎಂದು ಈ ತಂಗಿ ಒಪ್ಪಿಕೊಂಡು ಬರಬಾರದು. ಶಾಲೆಯಲ್ಲಿ ಇಲ್ಲದ ಸೌಲಭ್ಯವನ್ನು ಇದೆಯೆಂದು ಹೇಳಿ ಸೇರಿಸಿಕೊಂಡ ಮಗು ಮುಂದಿನ ವರ್ಷ ಎಲ್‌ಸಿ ಕೇಳುತ್ತದೆ, ಅದರ ಪಾಲಕರು ಇನ್ನೂ ಹತ್ತು ಮನೆಗಳಲ್ಲಿ ಆ ಮಾತನ್ನು ಆಡುತ್ತಾರೆ. ತಿಂಗಳಿಗೆ ಇಷ್ಟು ಪ್ರವೇಶ ತರಲೇಬೇಕೆಂಬ ಷರತ್ತು ಇದೆಯೇ ಎಂದು ಸಂದರ್ಶನದಲ್ಲಿಯೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಪ್ರವೇಶ ವಿಭಾಗದ ಉದ್ಯೋಗಿ, ಹುಬ್ಬಳ್ಳಿ

ಸರ್, ಷರತ್ತು ಇದ್ದೇ ಇರುತ್ತದೆ. ಮಕ್ಕಳು ಬಾರದಿದ್ದರೆ ಶಿಕ್ಷಕರಿಗೆ ಸಂಬಳವೂ ಬರುವುದಿಲ್ಲ. ಸುಳ್ಳು ಹೇಳಬಾರದೆಂಬ ನಿಮ್ಮ ಮಾತಿಗೆ ನನ್ನ ಪೂರ್ಣ ಸಹಮತವಿದೆ. ನನ್ನ ಅನುಭವದಲ್ಲಿ, ಈಜುಕೊಳ ನಮ್ಮಲ್ಲಿ ಇಲ್ಲ ಎಂದು ನೇರವಾಗಿ ಹೇಳಿದಾಗ ಎದ್ದು ಹೋಗುವ ಪಾಲಕರು ಕಡಿಮೆ.

ಮಾಳಮಡ್ಡಿಯ ಪಾಲಕಿ

ನಾನು ಶಾಲೆಯ ಒಳಗಿನವಳಲ್ಲ, ಇಬ್ಬರು ಮಕ್ಕಳ ತಾಯಿ. ಮಗಳ ಪ್ರವೇಶಕ್ಕಾಗಿ ಧಾರವಾಡದ ಹಲವು ಶಾಲೆಗಳಿಗೆ ಹೋಗಿದ್ದೆ. ಒಂದು ಕಡೆ ಪ್ರವೇಶ ಕೊಠಡಿಯವರು ನನ್ನೊಡನೆ ಆರಂಭದಿಂದ ಕೊನೆಯವರೆಗೆ ಇಂಗ್ಲಿಷಿನಲ್ಲಿಯೇ ಮಾತನಾಡಿದರು, ನನ್ನ ಅತ್ತೆಯವರು ಪಕ್ಕದಲ್ಲಿ ಕುಳಿತು ಏನೂ ತಿಳಿಯದೆ ಮುಖ ಸಪ್ಪೆ ಮಾಡಿಕೊಂಡರು. ಮನೆಯಲ್ಲಿ ನಿರ್ಧಾರ ಮಾಡುವವರಲ್ಲಿ ಅವರೂ ಒಬ್ಬರು. ನಾವು ಆ ಶಾಲೆಗೆ ಮರಳಿ ಹೋಗಲಿಲ್ಲ. ಕಲಿಕೆಯ ಮಾಧ್ಯಮ ಯಾವುದೇ ಇರಲಿ, ಬಂದವರು ಯಾವ ಭಾಷೆಯಲ್ಲಿ ಮಾತು ಆರಂಭಿಸಿದರೋ ಅದೇ ಭಾಷೆಯಲ್ಲಿ ಉತ್ತರಿಸುತ್ತೇನೆಂದು ನೀವು ಸಂದರ್ಶನದಲ್ಲಿ ಹೇಳಿರಿ. ಉರ್ದು, ಮರಾಠಿ ಮಾತನಾಡುವ ಕುಟುಂಬಗಳೂ ನಮ್ಮ ಊರಿನಲ್ಲಿ ಬಹಳ ಇವೆ. ಆ ಭಾಷೆಗಳು ಸ್ವಲ್ಪ ಬರುತ್ತಿದ್ದರೆ ಅದನ್ನೂ ತಿಳಿಸಿರಿ.

ಇನ್ನೊಂದು ಮಾತು. ವಿಚಾರಿಸಲು ಹೋದಲ್ಲಿ ಕೊಟ್ಟ ಫೋನ್ ಸಂಖ್ಯೆಗೆ ಆಮೇಲೆ ಟ್ಯೂಶನ್ ಕ್ಲಾಸಿನವರು, ಪುಸ್ತಕದ ಅಂಗಡಿಯವರು ಕರೆ ಮಾಡಲು ಆರಂಭಿಸಿದರು. ಪಾಲಕರ ಮಾಹಿತಿಯನ್ನು ಹೊರಗೆ ಕೊಡದಿರುವುದು ಪ್ರವೇಶಾಧಿಕಾರಿಯ ಹೊಣೆ ಎಂದು ನಾನು ತಿಳಿದಿದ್ದೇನೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಮಕ್ಕಳ ಮಾಹಿತಿಗೆ ಪಾಲಕರ ಒಪ್ಪಿಗೆಯ ವಿಚಾರವೂ ಇದೆ, ಅದನ್ನು ಓದಿಕೊಂಡು ಹೋಗಿರಿ.

ಉಣಕಲ್ ನಿವಾಸಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ಪ್ರಶ್ನೆಗಳು ನನ್ನನ್ನು ಕಾಡುತ್ತಿವೆ. ಚಿಕ್ಕ ಮಕ್ಕಳಿಗೆ ಪ್ರವೇಶ ಪರೀಕ್ಷೆ ನಡೆಸುವ ಬಗ್ಗೆ, ಹಾಗೂ ಡೊನೇಶನ್ ಬಗ್ಗೆ ಅವರೇ ನನ್ನ ಅಭಿಪ್ರಾಯ ಕೇಳಿದರೆ ಏನು ಹೇಳಬೇಕು? ಕಾನೂನನ್ನು ಹೇಳಿದರೆ ಎದುರು ಮಾತನಾಡಿದಂತೆ ಆಗುವುದೇ?

ನಿವೃತ್ತ ಮುಖ್ಯಾಧ್ಯಾಪಕ, ಗದಗ

ಕಾನೂನನ್ನು ಶಾಂತವಾಗಿ ಹೇಳಿದರೆ ಅದು ಶಾಲೆಯನ್ನು ಕಾಪಾಡಿದಂತೆಯೇ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 13ನೆಯ ಕಲಮು ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷಿಸಿ ಆಯ್ಕೆ ಮಾಡುವುದನ್ನು ನಿಷೇಧಿಸುತ್ತದೆ. ಮೊದಲ ಸಲ ಉಲ್ಲಂಘಿಸಿದರೆ 25,000 ರೂಪಾಯಿಯವರೆಗೆ, ಅನಂತರದ ಪ್ರತಿ ಉಲ್ಲಂಘನೆಗೆ 50,000 ರೂಪಾಯಿಯವರೆಗೆ ದಂಡವಿದೆ. ಕ್ಯಾಪಿಟೇಶನ್ ಶುಲ್ಕ, ಅಂದರೆ ನೀವು ಕೇಳಿದ ಡೊನೇಶನ್, ಪಡೆದರೆ ಪಡೆದ ಹಣದ ಹತ್ತು ಪಟ್ಟಿನವರೆಗೆ ದಂಡ. ಇದಕ್ಕೂ ಬಹಳ ಮೊದಲೇ, 1984ರಲ್ಲಿ, ನಮ್ಮ ರಾಜ್ಯ ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ತನ್ನದೇ ಕಾಯ್ದೆಯನ್ನು ಮಾಡಿದೆ.

ಹಾಗಾದರೆ ಸೀಟಿಗಿಂತ ಅರ್ಜಿ ಹೆಚ್ಚು ಬಂದರೆ ಏನು ಮಾಡುವುದು ಎಂದು ಅವರು ಕೇಳಬಹುದು. ಕಾಯ್ದೆ ಒಪ್ಪುವ ದಾರಿ ಲಾಟರಿ. ಪಾಲಕರ ಎದುರಿನಲ್ಲಿಯೇ ಚೀಟಿ ಎತ್ತಿದರೆ ಯಾರಿಗೂ ಸಂಶಯ ಉಳಿಯುವುದಿಲ್ಲ. ಪ್ರವೇಶವಾದ ಮೇಲೆ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಶಿಕ್ಷಕರು ನೋಡಿಕೊಳ್ಳುವುದು ಬೇರೆ ವಿಷಯ, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಈ ಎರಡರ ನಡುವಿನ ಭೇದವನ್ನು ನೀವು ಸ್ಪಷ್ಟವಾಗಿ ಹೇಳಿದರೆ ಪ್ರಾಂಶುಪಾಲರಿಗೆ ನಿಮ್ಮ ಮೇಲೆ ವಿಶ್ವಾಸ ಮೂಡುತ್ತದೆ.

ಆರ್‌ಟಿಇ ಸೀಟುಗಳ ಬಗ್ಗೆಯೂ ಕೇಳುತ್ತಾರೆ. ಖಾಸಗಿ ಶಾಲೆಗಳಲ್ಲಿ ಶೇ. 25ರಷ್ಟು ಸೀಟುಗಳನ್ನು ದುರ್ಬಲ ಹಾಗೂ ಅವಕಾಶವಂಚಿತ ವರ್ಗಗಳ ಮಕ್ಕಳಿಗೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ 2019ರಿಂದ ಕರ್ನಾಟಕದಲ್ಲಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಅನುದಾನರಹಿತ ಶಾಲೆಗೆ ಆ ಹೊಣೆ ಇಲ್ಲವೆಂದು ನಿಯಮ ಬದಲಾಗಿದೆ. ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಕಾಯ್ದೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿದೆ. ನೀವು ಹೋಗುವ ಶಾಲೆ ಇವುಗಳಲ್ಲಿ ಯಾವ ಬಗೆಯದೆಂದು ಮುಂಚಿತವಾಗಿ ತಿಳಿದುಕೊಳ್ಳಿರಿ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ಸಿಬಿಎಸ್‌ಇ ಶಾಲೆಯಲ್ಲಿಯೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕಾಗುತ್ತದೆ. ಹೊರರಾಜ್ಯದಿಂದ ಬಂದ ಪಾಲಕರು ಇದನ್ನು ಕೇಳಿಯೇ ಕೇಳುತ್ತಾರೆ.

ಶಿಕ್ಷಣ ಇಲಾಖೆಯ ನಿವೃತ್ತ ನೌಕರ, ಹಾವೇರಿ

ನಾನು ಒಂದು ಸಂಗತಿಯನ್ನು ಮಾತ್ರ ಸೇರಿಸುತ್ತೇನೆ. ನಮ್ಮ ಹಾವೇರಿ, ಗದಗ ಕಡೆಯಿಂದ ಗೋವಾಕ್ಕೆ ದುಡಿಯಲು ಹೋದ ಕುಟುಂಬಗಳು ಮರಳಿ ಬಂದಾಗ, ಮಕ್ಕಳ ಕೈಯಲ್ಲಿ ಎಲ್‌ಸಿ ಇರುವುದಿಲ್ಲ, ಇದ್ದರೂ ಅದರ ಮೇಲೆ ಅಲ್ಲಿನ ಶಿಕ್ಷಣಾಧಿಕಾರಿಗಳ ಮೇಲುಸಹಿ ಇರುವುದಿಲ್ಲ. ಅನೇಕ ಕಚೇರಿಗಳಲ್ಲಿ ಅಂಥವರನ್ನು ಕಾಗದ ತನ್ನಿರಿ ಎಂದು ಹೊರಗೆ ಕಳುಹಿಸುತ್ತಾರೆ, ಮಗು ತಿಂಗಳುಗಟ್ಟಲೆ ಮನೆಯಲ್ಲಿ ಕೂರುತ್ತದೆ, ಆಮೇಲೆ ಶಾಲೆಯ ಕಡೆ ಮುಖ ಮಾಡುವುದೇ ಇಲ್ಲ. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮಿನಲ್ಲಿ, ವಯಸ್ಸಿನ ಪುರಾವೆ ಇಲ್ಲವೆಂದು ನಿರಾಕರಿಸುವಂತಿಲ್ಲ ಎಂದು 14ನೆಯ ಕಲಮಿನಲ್ಲಿ ಇದೆ. ಆಧಾರ್ ಇಲ್ಲವೆಂದು ಮಗುವಿಗೆ ಪ್ರವೇಶ ತಪ್ಪಬಾರದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮೊದಲು ಮಗುವನ್ನು ತರಗತಿಯಲ್ಲಿ ಕೂರಿಸಿ, ಆಮೇಲೆ ಹಳೆಯ ಶಾಲೆಗೆ ಪತ್ರ ಬರೆದು ಕಾಗದ ತರಿಸಿಕೊಳ್ಳುವ ಕೆಲಸವನ್ನು ಪ್ರವೇಶಾಧಿಕಾರಿಯೇ ಮಾಡಬಹುದು. ಇದನ್ನು ಮಾಡುವ ಮನಸ್ಸು ನಿಮಗಿದೆ ಎಂದು ಅವರಿಗೆ ತಿಳಿಯಲಿ.

ವಿಶೇಷ ಶಿಕ್ಷಕಿ, ಧಾರವಾಡ

ಅಂಗವೈಕಲ್ಯವುಳ್ಳ ಮಗುವಿನ ಪ್ರವೇಶದ ಬಗ್ಗೆ ಇನ್ನೂ ಯಾರೂ ಬರೆದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಈ ಪ್ರಶ್ನೆಯನ್ನು ಪ್ರಾಂಶುಪಾಲರು ಕೇಳಿದರೆ, ಅದು ಬೇರೆ ಎಲ್ಲ ಪ್ರಶ್ನೆಗಳಿಗಿಂತ ದೊಡ್ಡದು. ಕಿವಿ ಕೇಳದ ಮಗುವನ್ನೋ ಮಾತು ತಡವಾದ ಮಗುವನ್ನೋ ಎತ್ತಿಕೊಂಡು ಬರುವ ತಾಯಿ ಅದಾಗಲೇ ಮೂರು ನಾಲ್ಕು ಶಾಲೆಗಳ ಬಾಗಿಲಿನಿಂದ ತಿರುಗಿ ಬಂದಿರುತ್ತಾಳೆ. ಆ ಶಾಲೆಗಳಲ್ಲಿ ಇಲ್ಲ ಎಂದು ಯಾರೂ ಹೇಳಿರುವುದಿಲ್ಲ. ಸೀಟು ತುಂಬಿದೆ, ಫೋನ್ ಮಾಡುತ್ತೇವೆ ಎಂದಿರುತ್ತಾರೆ. ಫೋನ್ ಬರುವುದಿಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದವಿಲ್ಲದೆ ಇಂಥ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂದು ಹೇಳುತ್ತದೆ. ಸಂದರ್ಶನದಲ್ಲಿ ಬರಿಯ ಕಲಮು ಹೇಳಿದರೆ ಸಾಲದು. ಮಗುವಿಗೆ ಏನು ಬೇಕು ಎಂದು ತಾಯಿಯನ್ನೇ ಕೇಳುತ್ತೇನೆ, ನೆಲಮಹಡಿಯಲ್ಲಿ ತರಗತಿ ಕೊಡಲು ಸಾಧ್ಯವೇ, ಶೌಚಾಲಯಕ್ಕೆ ಹೋಗಲು ನೆರವು ಬೇಕೇ, ಮುಂದಿನ ಸಾಲಿನಲ್ಲಿ ಕೂರಿಸಿದರೆ ಸಾಕೇ ಎಂಬುದನ್ನು ಬರೆದುಕೊಂಡು ತರಗತಿ ಶಿಕ್ಷಕಿಗೆ ತಲುಪಿಸುತ್ತೇನೆ ಎಂದು ಹೇಳಿರಿ. ಶಾಲೆಯಲ್ಲಿ ವಿಶೇಷ ಶಿಕ್ಷಕರು ಇದ್ದಾರೆಯೇ ಎಂದು ನೀವೂ ಅವರನ್ನು ಕೇಳಬಹುದು. ಆ ಪ್ರಶ್ನೆಗೆ ಅವರು ಕೊಡುವ ಉತ್ತರದಿಂದ ನೀವು ಅಲ್ಲಿ ಕೆಲಸ ಮಾಡಬಹುದೋ ಇಲ್ಲವೋ ಎಂಬುದೂ ನಿಮಗೆ ತಿಳಿಯುತ್ತದೆ.

ಹಾಗೆಯೇ, ತಾಯಿ ಒಬ್ಬಳೇ ಬಂದಾಗ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಇದ್ದರೆ, ಎಲ್ಲರೆದುರಿಗೆ ಗಟ್ಟಿ ಧ್ವನಿಯಲ್ಲಿ ಕಾರಣ ಕೇಳಬಾರದು. ಆಸ್ಪತ್ರೆಯಲ್ಲಿ ಕೆಲಸ ಮಾಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಣಕಲ್ ನಿವಾಸಿ

ಇಷ್ಟು ವಿವರವಾಗಿ ಯಾರಾದರೂ ಬರೆಯುತ್ತಾರೆಂದು ನಾನು ನಿರೀಕ್ಷಿಸಿರಲಿಲ್ಲ. ಮೇಡಂ ಅವರು ಹೇಳಿದ ಪ್ರಶ್ನೆಯನ್ನು ನಾನು ಖಂಡಿತವಾಗಿ ಕೇಳುತ್ತೇನೆ. ಕೊನೆಯದಾಗಿ, ಹೋಗುವಾಗ ಏನೇನು ಒಯ್ಯಬೇಕು, ಸಂಬಳದ ಮಾತನ್ನು ಯಾವಾಗ ತೆಗೆಯಬೇಕು, ರಜೆಯ ಬಗ್ಗೆ ಕೇಳಿದರೆ ತಪ್ಪು ತಿಳಿಯುತ್ತಾರೆಯೇ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಪ್ರವೇಶ ವಿಭಾಗದ ಉದ್ಯೋಗಿ, ಹುಬ್ಬಳ್ಳಿ

ಅಕ್ಕಾವ್ರೆ, ಅಂಕಪಟ್ಟಿಗಳ ಮೂಲಪ್ರತಿ ಮತ್ತು ಒಂದು ಜೊತೆ ನಕಲು, ಆಸ್ಪತ್ರೆಯ ಅನುಭವ ಪತ್ರ, ಎರಡು ಭಾವಚಿತ್ರ ಇವಿಷ್ಟು ಸಾಕು. ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಪತ್ರ ಬರೆಸುವ ರೂಢಿ ಕೆಲವು ಕಡೆ ಇದೆ. ಶುಲ್ಕ ಬಾಕಿಯಿರುವ ಪಾಲಕರಿಗೆ ಒಂದು ಸೌಮ್ಯವಾದ ಪತ್ರ ಬರೆದು ಅಭ್ಯಾಸ ಮಾಡಿಕೊಳ್ಳಿರಿ. ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ ತೋರಿಸಲು ಹೇಳಿದರೆ ಅದೂ ಬರಬೇಕು. ಸಾಧ್ಯವಾದರೆ ಸಂದರ್ಶನಕ್ಕೆ ಮೊದಲು ಒಂದು ದಿನ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಂತು ಬನ್ನಿರಿ. ಪಾಲಕರು ತಮ್ಮತಮ್ಮಲ್ಲಿ ಏನು ಮಾತನಾಡಿಕೊಳ್ಳುತ್ತಾರೆ, ಮಕ್ಕಳು ಅವಳಿ ನಗರಗಳ ನಡುವೆ ಓಡುವ ಚಿಗರಿ ಬಸ್ಸಿಗೆ ಹೋಗುತ್ತಾರೋ ಶಾಲೆಯ ವಾಹನಕ್ಕೆ ಹೋಗುತ್ತಾರೋ ಎಂಬುದು ಕಣ್ಣಿಗೆ ಕಾಣುತ್ತದೆ.

ಸಂಬಳದ ಮಾತನ್ನು ಅವರೇ ತೆಗೆಯುವವರೆಗೆ ಕಾಯಿರಿ. ತೆಗೆದಾಗ ಆಸ್ಪತ್ರೆಯ ಈಗಿನ ಸಂಬಳವನ್ನು ಇದ್ದಂತೆ ಹೇಳಿ, ನಿಮ್ಮ ನಿರೀಕ್ಷೆಯನ್ನೂ ಒಂದೇ ಅಂಕಿಯಲ್ಲಿ ಹೇಳಿರಿ. ಪಿ.ಎಫ್. ಇದೆಯೇ, ಸಂಬಳ ಹನ್ನೆರಡು ತಿಂಗಳಿಗೂ ಬರುತ್ತದೆಯೇ ಎಂದು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ. ರಜೆಯ ವಿಷಯದಲ್ಲಿ ಒಂದು ಸಂಗತಿ ತಿಳಿದಿರಲಿ: ಶಿಕ್ಷಕರಿಗೆ ಬೇಸಿಗೆ ರಜೆ ಇರುವ ಏಪ್ರಿಲ್, ಮೇ ತಿಂಗಳುಗಳೇ ನಮಗೆ ಅತಿ ಹೆಚ್ಚು ಕೆಲಸದ ದಿನಗಳು, ಭಾನುವಾರವೂ ಬರಬೇಕಾಗುತ್ತದೆ. ಅದರ ಬದಲಿ ರಜೆಯನ್ನು ಯಾವಾಗ ಕೊಡುತ್ತಾರೆಂದು ಕೇಳಿ, ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಿರಿ.